ಒಂದು ಇದ್ದಲ್ಲಿ ಸೊನ್ನೆ

ತಪ್ಪು ಮಾಡಿದವಳು ನಾನು. ಕುಸುಮಳ ಫೈಲಿನಲ್ಲಿ ಒಂದು ಎಂದು ಇದ್ದ ಜಾಗದಲ್ಲಿ ಸೊನ್ನೆ ಹಾಕಿದೆ. ಹಾಕಿ, ಅದು ಅವಳೇ ಹಾಕಿದ ಸೊನ್ನೆ ಎಂದು ಎಲ್ಲರನ್ನೂ ನಂಬಿಸಿದೆ — ಎಲ್ಲರನ್ನೂ ಎಂದರೆ ಅವಳನ್ನೂ. ಹದಿನಾಲ್ಕು ವರ್ಷ ಅವಳು ಅದನ್ನು ನಂಬಿಕೊಂಡೇ ಬದುಕಿದಳು.

ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಬಹುದಾದ ಮಾತು. ಇದನ್ನು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಹೇಳಿದ ಮೇಲೂ — ಆದರೆ ಮೊದಲಿನಿಂದ ಹೇಳಬೇಕು.

ನಾನು ಈಶ್ವರಮಂಗಲದ ಕಡೆಯವಳು, ಮನೆಮಾತು ತುಳು. ಕುಸುಮ ಮಂಡೆಕೋಲಿನವಳು, ಅವಳ ಮನೆಯಲ್ಲಿ ಅರೆಭಾಷೆ. ನಮ್ಮ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಇಬ್ಬರೂ ಒಂದೇ ವರ್ಷ ಎಲೆಕ್ಟ್ರಾನಿಕ್ಸ್ ಕಲಿಸಲು ಸೇರಿದೆವು. ಕಾಲೇಜಿನ ಹೆಸರು ಬೇಡ, ಅದರದ್ದೇನೂ ತಪ್ಪಿಲ್ಲ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಮೇಜು ಅಕ್ಕಪಕ್ಕ. ನಾನು ಸುಳ್ಯದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೆ. ಅವಳಿಗೆ ಮದುವೆಯಾಗಿತ್ತು, ಗಂಡನದು ಕಡಬದಲ್ಲಿ ಒಂದು ಜೆರಾಕ್ಸ್ ಅಂಗಡಿ. ಇದೆಲ್ಲ ನಡೆದಾಗ ಮಗಳು ಚೈತ್ರಳಿಗೆ ಮೂರು ವರ್ಷ. ಮಗುವನ್ನು ನೋಡಿಕೊಳ್ಳಲು ಜನ ಬೇಕೆಂದು ಕುಸುಮ ತವರಿನಿಂದಲೇ ಕಾಲೇಜಿಗೆ ಓಡಾಡುತ್ತಿದ್ದಳು. ಮಧ್ಯಾಹ್ನ ಅವಳ ಬುತ್ತಿಯಲ್ಲಿ ಅರ್ಧ ನನ್ನದು. ಕೇಳಿ ತಿನ್ನುತ್ತಿದ್ದೆನೋ ಕೇಳದೆಯೋ, ಈಗ ನೆನಪಿಲ್ಲ. ಅಷ್ಟು ಸಲಿಗೆ ಇತ್ತು.

ಇಬ್ಬರೂ ಒಬ್ಬರೇ ಪ್ರೊಫೆಸರರ ಕೈಕೆಳಗೆ ಪಿಎಚ್‌ಡಿಗೆ ಹೆಸರು ನೋಂದಾಯಿಸಿದ್ದೆವು. ಸೀಮಾಸ್ ಎಂಬ ಚಿಪ್ ತಂತ್ರದ ಆಪರೇಶನಲ್ ಆಂಪ್ಲಿಫೈಯರ್ ನನ್ನ ವಿಷಯ. ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಲೇಬೇಕು, ಇಲ್ಲವಾದರೆ ನಾನು ಮಾಡಿದ್ದು ಏನೆಂದು ಅರ್ಥವಾಗುವುದಿಲ್ಲ. ಈ ಸರ್ಕಿಟ್ಟಿಗೆ ಎರಡು ತಂತಿಗಳ ಮೂಲಕ ಸಂಕೇತ ಬರುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ಅದು ದೊಡ್ಡದು ಮಾಡಬೇಕು. ಎರಡಕ್ಕೂ ಸಮಾನವಾಗಿ ಬಂದು ಸೇರುವ ಗಲಾಟೆಯನ್ನು — ಕರೆಂಟಿನ ಗುಂಯ್‌ಗುಡುವಿಕೆಯಂಥದ್ದನ್ನು — ಹೊರಗೇ ನಿಲ್ಲಿಸಬೇಕು. ಎಷ್ಟು ಚೆನ್ನಾಗಿ ನಿಲ್ಲಿಸುತ್ತದೆ ಎಂಬುದನ್ನು ಹೇಳುವ ಅಳತೆಗೆ ರಿಜೆಕ್ಷನ್ ರೇಶಿಯೋ ಎನ್ನುತ್ತಾರೆ; ಹೆಚ್ಚು ಬಂದಷ್ಟೂ ಒಳ್ಳೆಯದು. ಚಿಪ್ ಮಾಡಿಸುವುದು ನಮ್ಮಂಥವರ ಕೈಗೆಟುಕುವ ಕೆಲಸವಲ್ಲ. ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಿ ನೋಡುವುದು.

ಕಷ್ಟ ಇರುವುದು ಅಲ್ಲೇ. ಒಳಗೆ ಜೋಡಿಯಾಗಿ ಕೂರುವ ಎರಡು ಟ್ರಾನ್ಸಿಸ್ಟರುಗಳು ಕಂಪ್ಯೂಟರಿನ ಪಾಲಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಅವಳಿಗಳು. ಹಾಗಾಗಿ ಅಳತೆ ಬಹಳ ಚೆನ್ನಾಗಿ ಬರುತ್ತದೆ. ನಿಜವಾದ ಚಿಪ್ಪಿನಲ್ಲಿ ಯಾವ ಎರಡೂ ಒಂದೇ ತರ ಇರುವುದಿಲ್ಲ. ಆದ್ದರಿಂದ ಪ್ರಾಮಾಣಿಕರು ಆ ಜೋಡಿಯಲ್ಲಿ ಬೇಕೆಂದೇ ಸಣ್ಣಸಣ್ಣ ವ್ಯತ್ಯಾಸ ಹಾಕಿ, ನೂರಾರು ಸಲ ಓಡಿಸಿ, ಏನು ಬರುತ್ತದೋ ಅದನ್ನು ಬರೆಯುತ್ತಾರೆ. ಮಿಸ್‌ಮ್ಯಾಚ್ ಹಾಕುವುದು ಎನ್ನುತ್ತೇವೆ. ನಮ್ಮ ಫೈಲಿನಲ್ಲಿ ಅದಕ್ಕೆಂದೇ ಒಂದು ಸಾಲು ಇತ್ತು. ಅಲ್ಲಿ ಒಂದು ಎಂದಿದ್ದರೆ ವ್ಯತ್ಯಾಸ ಉಂಟು; ಸೊನ್ನೆ ಎಂದಿದ್ದರೆ ಇಲ್ಲ.

ಸರ್ಕಿಟ್ ನನ್ನದು. ಎರಡು ವರ್ಷ ಅದರ ಹಿಂದೆ ಬಿದ್ದಿದ್ದೆ. ಮಿಸ್‌ಮ್ಯಾಚ್ ಇಲ್ಲದೆ ನೂರಾ ಹದಿನೆಂಟು ಡೆಸಿಬೆಲ್ ಬಂದಾಗ ನಾನು ಲ್ಯಾಬಿನಲ್ಲಿ ಕೂಗಿದ್ದು ಹೊರಗೆ ಜಗಲಿಯಲ್ಲಿದ್ದವರಿಗೂ ಕೇಳಿತ್ತಂತೆ. ಮಿಸ್‌ಮ್ಯಾಚ್ ಹಾಕುವ ಕೆಲಸ ಕುಸುಮ ವಹಿಸಿಕೊಂಡಳು. ಇಂಥದ್ದರಲ್ಲಿ ಅವಳ ಕೈ ನನ್ನದಕ್ಕಿಂತ ನಿಖರ — ಇದನ್ನು ಆಗ ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸುವ ಪೇಪರಿನಲ್ಲಿ ನನ್ನದು ಮೊದಲ ಹೆಸರು, ಅವಳದು ಎರಡನೆಯದು, ಪ್ರೊಫೆಸರ್ ಸರ್‌ದು ಕೊನೆಯದು ಎಂದು ಮಾತಾಗಿತ್ತು. ಕಳಿಸುವ ಕೊನೆಯ ದಿನಕ್ಕೆ ಎರಡು ದಿನ ಉಳಿದಿತ್ತು.

ಆ ದಿನ ಊಟ ಮುಗಿಸಿ ಬಂದು ಅವಳು ಇನ್ನೂರು ಸಲದ ರನ್ ಶುರುಮಾಡಿದಳಷ್ಟೆ, ಮಂಡೆಕೋಲಿನಿಂದ ಫೋನ್ ಬಂತು. ಬೆಳಿಗ್ಗೆಯಿಂದ ಜ್ವರದಲ್ಲಿದ್ದ ಚೈತ್ರಳಿಗೆ ಫಿಟ್ಸ್ ಬಂದಿತ್ತು. ಕುಸುಮಳ ಅಮ್ಮ ಮಗುವನ್ನು ಎತ್ತಿಕೊಂಡು ಜೀಪಿನಲ್ಲಿ ಹೊರಟಿದ್ದರು. ಕುಸುಮಳ ಮುಖ ನೋಡಲಾಗಲಿಲ್ಲ. ಬ್ಯಾಗು ಹುಡುಕಿದಳು, ಅದು ಹೆಗಲಲ್ಲೇ ಇತ್ತು. ಬಾಗಿಲ ತನಕ ಓಡಿದವಳು ಒಮ್ಮೆ ತಿರುಗಿ ನಿಂತಳು.

"ರನ್ ಹಾಕಿದ್ದೇನೆ ಶಶಿ. ಮುಗಿದ ಮೇಲೆ ನೋಡು. ಎಂತ ಬರ್ತದೋ ಅದನ್ನೇ ಬರಿ, ಆಯ್ತಾ?"

"ಆಯ್ತು, ನೀನು ಹೋಗು ಮಾರಾಯ್ತಿ," ಎಂದೆ.

ಸಂಜೆ ಐದರ ಹೊತ್ತಿಗೆ ರನ್ ಮುಗಿಯಿತು. ಅರವತ್ತೆರಡು. ಎಪ್ಪತ್ತೊಂದು. ಐವತ್ತೊಂಬತ್ತು. ಇನ್ನೂರರಲ್ಲಿ ಒಂದೂ ನೂರರ ಹತ್ತಿರ ಬರಲಿಲ್ಲ. ನಾನು ಸೇರಿಸಿದ್ದ ಹೊಸ ಭಾಗದಿಂದ ಏನೇನೂ ಪ್ರಯೋಜನವಿರಲಿಲ್ಲ; ಅದಿಲ್ಲದ ಹಳೆಯ ಸರ್ಕಿಟ್ಟೂ ಅಷ್ಟೇ ಕೊಡುತ್ತಿತ್ತು. ಎರಡು ವರ್ಷ — ನಾನು ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎಷ್ಟು ಸಲ ಓದಿದೆನೋ. ಕಾಲೇಜಿನ ಬಸ್ಸುಗಳೆಲ್ಲ ಹೋದವು. ವಾಚ್‌ಮನ್ ಬಂದು, "ಬೀಗ ಹಾಕುದಾ ಮೇಡಂ?" ಎಂದು ಕೇಳಿದ. "ಹತ್ತು ನಿಮಿಷ" ಎಂದೆ. ಆ ಹತ್ತು ನಿಮಿಷದಲ್ಲಿ ಹಳೆಯ ಗ್ರಾಫನ್ನು, ಮಿಸ್‌ಮ್ಯಾಚ್ ಇಲ್ಲದ ನೂರಾ ಹದಿನೆಂಟರ ಗ್ರಾಫನ್ನು ಪೇಪರಿಗೆ ಅಂಟಿಸಿ, ಅದರ ಕೆಳಗೆ 'ಮಿಸ್‌ಮ್ಯಾಚ್ ಸೇರಿಸಿದ ಮೇಲಿನ ಸರಾಸರಿ' ಎಂದು ಬರೆದೆ.

ಯಾರೂ ಬಲವಂತ ಮಾಡಲಿಲ್ಲ. ಇದನ್ನು ನಾನು ಬರೆದಿಡಲೇಬೇಕು.

ಮಗು ಪುತ್ತೂರಿನ ಆಸ್ಪತ್ರೆಯಲ್ಲಿ ಒಂದು ವಾರ ಇದ್ದು ಗುಣವಾಗಿ ಮನೆಗೆ ಬಂತು. ಕುಸುಮ ಕಾಲೇಜಿಗೆ ಬಂದ ದಿನವೇ, "ಎಂತ ಬಂತು ರೇಶಿಯೋ?" ಎಂದು ಕೇಳಿದಳು. "ಒಳ್ಳೆಯದೇ ಬಂತು," ಎಂದೆ. ಎಷ್ಟು ಎಂದಳು. ಹೇಳಿದೆ. ಅವಳು ಒಂದು ಕ್ಷಣ ಹುಬ್ಬು ಗಂಟಿಕ್ಕಿದಳು. "ಅಷ್ಟು ಬಂತಾ? ಮಿಸ್‌ಮ್ಯಾಚ್ ಹಾಕಿಯೂ?" ಆಮೇಲೆ ನಕ್ಕು, "ನಿನ್ನ ಡಿಸೈನ್ ಮಾರಾಯ್ತಿ, ಬರದೆ ಇರ್ತದಾ," ಎಂದು ಬುತ್ತಿ ಬಿಚ್ಚಿದಳು. ಅವಳು ಮತ್ತೊಮ್ಮೆ ಓಡಿಸಿ ನೋಡಬಹುದಿತ್ತು. ನೋಡಲಿಲ್ಲ. ನನ್ನ ಮಾತಿದ್ದಾಗ ಅವಳಿಗೆ ಬೇರೆ ನೋಡುವ ಅಗತ್ಯ ಕಂಡಿರಲಿಲ್ಲ.

ಪೇಪರ್ ಅಚ್ಚಾಯಿತು. ಏಳೆಂಟು ತಿಂಗಳ ಮೇಲೆ ದೂರದ ಯಾರೋ ಒಬ್ಬರು ನಮ್ಮ ಸರ್ಕಿಟ್ಟನ್ನು ತಾವೂ ಮಾಡಿ ನೋಡಿ ಸರ್‌ಗೆ ಬರೆದರು. ಮಿಸ್‌ಮ್ಯಾಚ್ ಹಾಕಿದರೆ ಈ ಸಂಖ್ಯೆ ಬರಲು ಸಾಧ್ಯವೇ ಇಲ್ಲ, ದಯವಿಟ್ಟು ನಿಮ್ಮ ಫೈಲು ಕಳಿಸಿ ಎಂದು. ಸಭ್ಯವಾದ ಪತ್ರ. ಸರ್ ನನ್ನನ್ನು ಕರೆದು ತೋರಿಸಿ, "ನಾಳೆ ಬೆಳಿಗ್ಗೆ ಫೈಲ್ ತೆಗೆದುಕೊಂಡು ಬನ್ನಿ," ಎಂದರು.

ಆ ಸಾಫ್ಟ್‌ವೇರಿನ ಲೈಸೆನ್ಸ್ ಇದ್ದದ್ದು ಲ್ಯಾಬಿನ ಒಂದೇ ಕಂಪ್ಯೂಟರಿನಲ್ಲಿ. ಅದರ ಮುಂದೆ ಕುಳಿತು ಕುಸುಮಳ ಫೈಲು ತೆರೆದೆ. ಎಲ್ಲ ಸಾಲುಗಳೂ ಅವಳ ಅಕ್ಷರದ ಹಾಗೆಯೇ, ಅಚ್ಚುಕಟ್ಟು. ಆ ಸಾಲಿನಲ್ಲಿ ಒಂದು ಎಂದಿತ್ತು. ಒಂದನ್ನು ಅಳಿಸಿ ಸೊನ್ನೆ ಒತ್ತಿದೆ. ಇನ್ನೂರು ಉತ್ತರಗಳಿದ್ದ ಫೋಲ್ಡರನ್ನೂ ಅಳಿಸಿದೆ. ಕೈ ನಡುಗಿತೆಂದು ಬರೆಯಲು ಆಸೆಯಾಗುತ್ತದೆ — ನಡುಗಲಿಲ್ಲ.

ಮರುದಿನ ಸರ್ ಕೋಣೆಯಲ್ಲಿ ನಾನು ಹೇಳಿದ್ದು ಇಷ್ಟು: "ಆ ರನ್ ಹಾಕಿದ್ದು ಕುಸುಮ, ಸರ್. ಮಗುವಿಗೆ ಹುಷಾರಿಲ್ಲ ಅಂತ ಫೋನ್ ಬಂದ ದಿನ. ಗಡಿಬಿಡಿಯಲ್ಲಿ ಮಿಸ್‌ಮ್ಯಾಚ್ ಹಾಕ್ಲಿಕ್ಕೆ ಬಿಟ್ಟು ಹೋಗಿದೆ ಅಂತ ಕಾಣ್ತದೆ."

ಸರ್ ಅವಳನ್ನು ಕರೆಸಿದರು. ಕುಸುಮ ಪರದೆಯ ಮೇಲಿನ ಸೊನ್ನೆಯನ್ನು ಬಹಳ ಹೊತ್ತು ನೋಡಿದಳು. "ನಾನು ಹಾಕಿದ ನೆನಪು ಉಂಟು ಸರ್," ಎಂದಳು.

"ನೆನಪು ಕಟ್ಟಿಕೊಂಡು ಎಂತ ಮಾಡುದಮ್ಮ? ಫೈಲ್ ನೋಡಿ."

ಅವಳು ನನ್ನ ಕಡೆ ತಿರುಗಿದಳು. "ಶಶಿ — ನಾನು ಹಾಕ್ಲಿಲ್ವಾ?"

ಆ ಪ್ರಶ್ನೆಯಲ್ಲಿ ಸಂಶಯ ಇರಲಿಲ್ಲ. ನನ್ನ ಮೇಲಂತೂ ಇರಲೇ ಇಲ್ಲ. ದಾರಿ ತಪ್ಪಿದವರು ಗುರುತಿನವರನ್ನು ಕಂಡು ಕೇಳುವ ಹಾಗೆ ಕೇಳಿದಳು. ನಾನು ಹೇಳಿದೆ, "ಆ ದಿನ ನಿನ್ನ ತಲೆ ಎಲ್ಲಿತ್ತು ಕುಸುಮ. ಅಂಥ ಹೊತ್ತಲ್ಲಿ ಯಾರಿಗೆ ಆದ್ರೂ ಬಿಟ್ಟು ಹೋಗ್ತದೆ."

ಎಷ್ಟು ಮೃದುವಾಗಿ ಹೇಳಿದೆ! ಗದರಿಸಿ ಹೇಳಿದ್ದರೆ ಅವಳು ಬಹುಶಃ ನಂಬುತ್ತಿರಲಿಲ್ಲ.

ಫೈಲನ್ನು ಕೊನೆಯ ಸಲ ತಿದ್ದಿದ ದಿನಾಂಕ ಹಿಂದಿನ ದಿನದ್ದು. ಅಲ್ಲೇ, ಪರದೆಯ ಮೂಲೆಯಲ್ಲಿ ಇತ್ತು. ನೋಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಯಾರೂ ನೋಡಲಿಲ್ಲ.

ಸರ್ ಆ ಪತ್ರಕ್ಕೆ, ಕಿರಿಯ ಸಹಲೇಖಕಿಯ ಕಣ್ತಪ್ಪಿನಿಂದ ಹೀಗಾಯಿತು ಎಂದು ಉತ್ತರ ಬರೆದರು. ಅಲ್ಲಿಗೆ ಹೊರಗಿನ ಗಲಾಟೆ ಮುಗಿಯಿತು, ಪೇಪರು ಹಾಗೆಯೇ ಉಳಿಯಿತು. ಇನ್ನು ಮುಂದೆ ಪೇಪರಿಗೆ ಕುಸುಮ ಅವರನ್ನು ಸೇರಿಸಿಕೊಳ್ಳಬೇಡಿ ಎಂದು ನನಗೊಂದು ಕಿವಿಮಾತೂ ಹೇಳಿದರು. ಕುಸುಮಳನ್ನು ಕೆಲಸದಿಂದ ಯಾರೂ ತೆಗೆಯಲಿಲ್ಲ. ಅವಳೇ ಸ್ವಲ್ಪ ಸ್ವಲ್ಪವಾಗಿ ಹಿಂದೆ ಸರಿದಳು. ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ನಡುವೆ ನಿಂತು ಅಳಿಸಿ ಮತ್ತೆ ಬರೆಯತೊಡಗಿದಳು. ಉತ್ತರ ಪತ್ರಿಕೆಗಳ ಅಂಕ ಕೂಡಿಸಿ, ಮತ್ತೆ ಕೂಡಿಸಿ, "ಒಮ್ಮೆ ನೀನು ನೋಡು ಶಶಿ," ಎಂದು ನನ್ನ ಮೇಜಿಗೆ ತರುತ್ತಿದ್ದಳು. ನಾನು ನೋಡಿಕೊಡುತ್ತಿದ್ದೆ. ಆ ವರ್ಷದ ಕೊನೆಗೆ ಪಿಎಚ್‌ಡಿ ಬಿಟ್ಟಳು, ಕೆಲಸವನ್ನೂ ಬಿಟ್ಟಳು.

ಹೊರಟ ದಿನ ಮೇಜಿನ ಖಾನೆ ಖಾಲಿ ಮಾಡುತ್ತಾ, ತಲೆಯೆತ್ತದೆ ಹೇಳಿದಳು, "ನನ್ನಿಂದ ನಿನ್ನ ಹೆಸರಿಗೂ ಮಸಿ ಹತ್ತಿತು. ಮನಸ್ಸಲ್ಲಿ ಇಟ್ಕೊಳ್ಬೇಡ ಶಶಿ."

"ಪರ್ವಾಗಿಲ್ಲ ಮಾರಾಯ್ತಿ," ಎಂದೆ.

ಅವಳನ್ನು ನಾನು ಕ್ಷಮಿಸಿದೆ. ಸೊನ್ನೆ ಹಾಕಿದ್ದಕ್ಕಿಂತ, ಸರ್ ಮುಂದೆ ಹೇಳಿದ್ದಕ್ಕಿಂತ — ಆ 'ಪರ್ವಾಗಿಲ್ಲ' ನನ್ನನ್ನು ಹೆಚ್ಚು ಕಾಲ ಬಿಡದೆ ಕಾಡಿದೆ.

ಬೇರೆ ಸರ್ಕಿಟ್ ಹಿಡಿದು, ಬೇರೆ ಪೇಪರು ಬರೆದು, ನನಗೆ ಡಾಕ್ಟರೇಟ್ ಸಿಕ್ಕಿತು. ಪುತ್ತೂರಿಗೆ ಮನೆ ಬದಲಿಸಿದೆ. ವಿಭಾಗದ ಮುಖ್ಯಸ್ಥೆಯಾದೆ. ಮದುವೆಯಾಗಲಿಲ್ಲ, ಅದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಲಾರೆ. ಆದರೆ ಇನ್ನೊಬ್ಬ ಸ್ನೇಹಿತೆ ಆಗಲಿಲ್ಲ ಎಂಬುದಕ್ಕೆ ಸಂಬಂಧ ಉಂಟು. ಸ್ಟಾಫ್ ರೂಮಿನಲ್ಲಿ ಹೊಸಬರು ಬಂದು ಪಕ್ಕದಲ್ಲಿ ಕುಳಿತು ಬುತ್ತಿ ಮುಂದೆ ಸರಿಸಿದರೆ, "ನನಗೆ ಹಸಿವಿಲ್ಲ" ಎನ್ನುತ್ತಿದ್ದೆ. ಹತ್ತಿರವಾದವರಿಗೆ ಎಲ್ಲವನ್ನೂ ಹೇಳಬೇಕಾಗಿ ಬರುತ್ತದೆ. ಭಾನುವಾರಗಳಲ್ಲಿ ಮನೆಯೊಳಗೆ ನನ್ನ ಧ್ವನಿಯನ್ನು ನಾನೇ ಕೇಳದೆ ಸಂಜೆಯಾಗುತ್ತಿತ್ತು. ಒಮ್ಮೊಮ್ಮೆ ಹಾಲಿನವನು ಬೆಲ್ ಮಾಡಿದಾಗ ಮಾತನಾಡಲು ಹೋಗಿ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು.

ಆದರೆ ಕುಸುಮಳನ್ನು ಬಿಡಲಾಗಲಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಆಲಂಕಾರಿನ ಮೇಲೆ ಹೋಗುವ ಬಸ್ಸು ಹಿಡಿದು ಕಡಬಕ್ಕೆ ಹೋಗುತ್ತಿದ್ದೆ. ಗಂಡನ ಅಂಗಡಿಯಲ್ಲಿ ಅವಳು ಕಂಪ್ಯೂಟರ್ ಇಟ್ಟುಕೊಂಡು ಜನರಿಗೆ ಅರ್ಜಿ ತುಂಬಿಸಿ ಕೊಡುತ್ತಿದ್ದಳು — ರೇಶನ್ ಕಾರ್ಡು, ವಿದ್ಯಾರ್ಥಿವೇತನ, ಆಧಾರ್ ತಿದ್ದುಪಡಿ. "ಕುಸುಮಕ್ಕ ನಾಲ್ಕು ಸಲ ಓದದೆ ಒಂದು ಅರ್ಜಿ ಬಿಡುದಿಲ್ಲ," ಎಂದು ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. ಅವಳು ತಲೆ ತಗ್ಗಿಸಿ ಐದನೇ ಸಲ ಓದುತ್ತಿದ್ದಳು. ನಾನು ಬದಿಯ ಸ್ಟೂಲಿನಲ್ಲಿ ಕುಳಿತು ಅದನ್ನು ನೋಡುತ್ತಿದ್ದೆ. ಚಹಾ ಕುಡಿಯುತ್ತಿದ್ದೆ. ವರ್ಷಕ್ಕೆ ಒಂದೆರಡು ಸಲವಾದರೂ ಅವಳು ಆ ಹಳೆಯ ಮಾತು ಎತ್ತಿ ಮತ್ತೆ ಕ್ಷಮೆ ಕೇಳುತ್ತಿದ್ದಳು. ನಾನು ಮತ್ತೆ ಕ್ಷಮಿಸುತ್ತಿದ್ದೆ.

ಕಳೆದ ವರ್ಷ ಚೈತ್ರಳ ಸಿಇಟಿ ಫಲಿತಾಂಶ ಬಂದ ವಾರ ಕುಸುಮ ಫೋನ್ ಮಾಡಿದಳು. "ಅವಳಿಗೆ ಎಲೆಕ್ಟ್ರಾನಿಕ್ಸೇ ಬೇಕಂತೆ. ನಾನು ಹೇಳಿದ್ರೆ ಕೇಳುದಿಲ್ಲ. ನೀನೇ ಬಂದು ಬೇಡ ಅಂತ ಹೇಳು."

ಭಾನುವಾರ ಹೋದೆ. ಅವಳ ಗಂಡ ಎಲ್ಲೋ ಮದುವೆಗೆ ಹೋಗಿದ್ದರು. ಅಂಗಡಿಯಲ್ಲಿ ತಾಯಿ, ಮಗಳು ಇಬ್ಬರೇ. ಚೈತ್ರ ತಾಯಿಗಿಂತ ಉದ್ದವಾಗಿದ್ದಳು. ಕಾಲೇಜುಗಳ ಪಟ್ಟಿ ಪರದೆಯ ಮೇಲಿತ್ತು.

"ಎಂತಕ್ಕೆ ಬೇಡ?" ಎಂದು ಕುಸುಮಳನ್ನು ಕೇಳಿದೆ.

"ನನ್ನ ಬುದ್ಧಿಯೇ ಅವಳಿಗೂ ಬಂದಿದ್ರೆ? ನನ್ನಂಥವರಿಗೆ ಆಗುದಲ್ಲ ಅದು ಶಶಿ. ಒಂದು ಸಾಲು ಬಿಟ್ಟು ಹೋದ್ರೆ ಎಂತ ಆಗ್ತದೆ ಅಂತ ನೋಡಿದ್ದೇವಲ್ಲ."

ಅವಳು ಚಹಾ ತರಲು ಎದುರಿನ ಹೋಟೆಲಿಗೆ ಹೋದಳು. ಚೈತ್ರ ನನ್ನ ಹತ್ತಿರ ಬಂದು ಸಣ್ಣ ಸ್ವರದಲ್ಲಿ ಕೇಳಿದಳು, "ಆಂಟಿ, ನಿಮ್ಮ ಹತ್ರ ಒಂದು ಕೇಳ್ಬೇಕು ಅಂತ ಇದ್ದೆ. ಅಮ್ಮ ಆ ತಪ್ಪು ಮಾಡಿದ್ದು ನನಗೆ ಫಿಟ್ಸ್ ಬಂದ ದಿನವಂತೆ, ಹೌದಾ? ನಾನು ಇಲ್ಲದಿದ್ರೆ ಅಮ್ಮ ಈಗ ನಿಮ್ಮ ಹಾಗೆ ಇರ್ತಿದ್ರಾ?"

ಈ ಹುಡುಗಿಯ ಬಗ್ಗೆ ನಾನು ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಸುಳ್ಳು ಒಬ್ಬಳ ಮೇಲೆ ಮಾತ್ರ ಕುಳಿತಿದೆ ಎಂದುಕೊಂಡಿದ್ದೆ. ಜ್ವರ ಬಂದದ್ದೂ ತನ್ನದೇ ತಪ್ಪು ಎಂದುಕೊಂಡು ಒಂದು ಮಗು ಬೆಳೆದು ಇಷ್ಟೆತ್ತರ ಆಗಿತ್ತು — ನಾನು ಅದೇ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತಿರುವಾಗಲೇ.

ಕುಸುಮ ಮೂರು ಗ್ಲಾಸು ಹಿಡಿದು ಬಂದಳು. ಅವಳು ಗ್ಲಾಸು ಕೆಳಗಿಡುವ ಮೊದಲೇ ಹೇಳಿದೆ. ಸಿದ್ಧ ಮಾಡಿಕೊಂಡ ಮಾತುಗಳು ಎಷ್ಟೋ ವರ್ಷದಿಂದ ಇದ್ದವು. ಅವುಗಳಲ್ಲಿ ಒಂದೂ ಬರಲಿಲ್ಲ. "ಕುಸುಮ, ನೀನು ಒಂದು ಅಂತಲೇ ಹಾಕಿದ್ದಿ. ಸೊನ್ನೆ ಮಾಡಿದ್ದು ನಾನು. ಸರ್ ಫೈಲ್ ಕೇಳಿದ್ರಲ್ಲ, ಅದರ ಹಿಂದಿನ ಸಂಜೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಕೋಪಕ್ಕೆ ಕಾದಿದ್ದೆ. ಅದು ಬರಲಿಲ್ಲ, ಮೊದಲಿಗೆ ಬರಲಿಲ್ಲ. ಅವಳ ಮುಖ ಅರಳಿತು. ಹೌದು, ಅರಳಿತು — ಲ್ಯಾಬಿನಲ್ಲಿ ಕಂಡಿದ್ದ ಆ ಹಳೆಯ ಮುಖ.

"ಹಾಗಾದ್ರೆ ನಾನು ಹಾಕಿದ್ದೆ?"

"ಹಾಕಿದ್ದಿ."

"ಸರಿಯಾಗಿ ಹಾಕಿದ್ದೆನಾ? ರನ್ ಆಗಿತ್ತಾ?"

"ಇನ್ನೂರೂ ಆಗಿತ್ತು. ಎಲ್ಲ ಸರಿ ಇತ್ತು. ಬಂದ ಉತ್ತರ ನನಗೆ ಬೇಡವಾಗಿತ್ತು."

"ಕೇಳಿದ್ಯಾ ಚೈತ್ರಾ?" ಎಂದು ಮಗಳ ಕೈ ಹಿಡಿದಳು. "ನಾನು ಹಾಕಿದ್ದೆ. ನನಗೆ ನೆನಪು ಉಂಟು ಅಂತ ನಾನು ಆಗಲೇ ಹೇಳಿದ್ದೆ. ಹೇಳಿದ್ದೆ ನಾನು."

ಆ ಸಂತೋಷವನ್ನು ನೋಡುತ್ತಾ ಕುಳಿತಿರುವುದಕ್ಕಿಂತ ಅವಳು ನನ್ನ ಕೆನ್ನೆಗೆ ಹೊಡೆದಿದ್ದರೆ ಒಳ್ಳೆಯದಿತ್ತು. ಅಷ್ಟರಲ್ಲಿ ಒಬ್ಬರು ವಯಸ್ಸಾದವರು ಆಧಾರ್ ಕಾರ್ಡು ಹಿಡಿದು ಬಂದರು. ಕುಸುಮ ಅದನ್ನು ತೆಗೆದುಕೊಂಡು ಎರಡು ಪ್ರತಿ ಮಾಡಿ ಕೊಟ್ಟಳು. ಅವರು ಮೆಟ್ಟಿಲಿಳಿದು ಹೋದರು. ತಿರುಗಿದಾಗ ಅವಳ ಮುಖ ಬೇರೆಯಾಗಿತ್ತು.

"ಹದಿನಾಲ್ಕು ವರ್ಷ ನಾನು ನಿನ್ನ ಹತ್ರ ಕ್ಷಮೆ ಕೇಳಿದ್ದೇನೆ. ನೀನು ಇಲ್ಲೇ ಕೂತು ಚಾ ಕುಡಿದಿದ್ದಿ."

ನಾನು ಸ್ಟೂಲಿನಿಂದ ಎದ್ದು ನಿಂತೆ.

"ನನಗೆ ಹೇಳಿದ್ರೆ ಮುಗಿಲಿಲ್ಲ ಶಶಿ. ಯಾರ ಹತ್ರ ಸುಳ್ಳು ಹೇಳಿದ್ದಿಯೋ ಅವರ ಹತ್ರ ಹೋಗಿ ಹೇಳು. ಈಗ ಹೋಗು."

"ಕುಸುಮ —"

"ಹೋಗು. ಅಂಗಡಿಗೆ ಜನ ಬರ್ತಾರೆ."

ಅದೇ ವಾರ ಸರ್ ಮನೆಗೆ ಹೋದೆ. ನಿವೃತ್ತರಾಗಿ ಪುತ್ತೂರಿನಲ್ಲೇ ಇದ್ದಾರೆ, ಕಿವಿ ಸ್ವಲ್ಪ ಮಂದ. ಎರಡು ಸಲ ಹೇಳಬೇಕಾಯಿತು. ಎರಡನೇ ಸಲ ಗಟ್ಟಿಯಾಗಿ. ಅವರು, "ಈಗ ಎಂತಕ್ಕಮ್ಮ ಇದೆಲ್ಲ? ಯಾರು ಕೇಳಿದ್ರು ನಿಮ್ಮನ್ನು?" ಎಂದರು. ಯಾರೂ ಕೇಳಿಲ್ಲ ಎಂದೆ. ಕುಸುಮಳ ವಿಳಾಸ ಬರೆಸಿಕೊಂಡರು. ಅವಳಿಗೆ ಬರೆದರೋ ಇಲ್ಲವೋ ತಿಳಿಯದು.

ಪತ್ರಿಕೆಯವರಿಗೆ ಎಲ್ಲವನ್ನೂ ಬರೆದು ಪೇಪರನ್ನು ಹಿಂತೆಗೆದುಕೊಳ್ಳಿ ಎಂದು ಕೇಳಿದೆ. ತಿಂಗಳುಗಳ ಮೇಲೆ ಒಪ್ಪಿಗೆ ಬಂತು. ತಪ್ಪು ಮೊದಲ ಲೇಖಕಿಯದು, ಎರಡನೇ ಲೇಖಕಿಯ ಕೆಲಸ ಸರಿಯಾಗಿತ್ತು ಎಂಬ ಮಾತು ಅದರಲ್ಲಿ ಸೇರಬೇಕೆಂದು ಹಟ ಹಿಡಿದೆ, ಸೇರಿಸಿದರು. ಕಾಲೇಜಿನಲ್ಲಿ ಹೇಳಿದೆ. ಮುಖ್ಯಸ್ಥೆಯ ಸ್ಥಾನ ಬಿಟ್ಟುಕೊಟ್ಟೆ, ವಿಚಾರಣೆ ಇನ್ನೂ ನಡೆಯುತ್ತಿದೆ. ಕೆಲವರು ನನ್ನನ್ನು ಕಂಡರೆ ಜಗಲಿಯ ಆ ಬದಿಗೆ ಸರಿಯುತ್ತಾರೆ. ಕೆಲವರು, "ಇಷ್ಟು ಹಳೆಯ ವಿಷಯ, ಯಾಕೆ ಬೇಕಿತ್ತು ಮೇಡಂ," ಎನ್ನುತ್ತಾರೆ. ಹೀಗೆ ಕೇಳುವವರ ಮುಂದೆ ನಿಲ್ಲುವುದೇ ನನಗೆ ಹೆಚ್ಚು ಕಷ್ಟ.

ಆ ಹಿಂತೆಗೆತದ ಪುಟವನ್ನು ಮುದ್ರಿಸಿ ಕಡಬಕ್ಕೆ ಅಂಚೆಯಲ್ಲಿ ಕಳಿಸಿದೆ. ಜೊತೆಗೆ ಚೀಟಿ ಇಡಲಿಲ್ಲ. ಚೈತ್ರ ಯಾವ ಕಾಲೇಜು ಸೇರಿದಳು, ಏನು ತೆಗೆದುಕೊಂಡಳು, ನನಗೆ ಗೊತ್ತಿಲ್ಲ. ಕೇಳುವ ಹಕ್ಕು ನನಗಿಲ್ಲ. ಕುಸುಮ ಫೋನ್ ಮಾಡಿಲ್ಲ, ಬರೆದಿಲ್ಲ. ಮಾಡಬೇಕಾದ್ದೂ ಇಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ನಾನು ಕಾಯುತ್ತಿಲ್ಲ ಎಂದು ಬರೆದು ಇದನ್ನು ಮುಗಿಸಿದರೆ ಓದುವವರಿಗೆ ನನ್ನ ಮೇಲೆ ಒಂದಿಷ್ಟು ಗೌರವ ಉಳಿಯಬಹುದಿತ್ತೇನೋ. ಇನ್ನೊಂದು ಸುಳ್ಳು ಬೇಡ — ಕಾಯುತ್ತಿದ್ದೇನೆ.